ಪಕ್ಷಗಳು ಕೂಡುವವೋ? ಕೂಡಿದರೆ ಯಾರ ಲೆಕ್ಕಕ್ಕೆ?



ಚುನಾವಣೆಯ ಗಾಳಿ ಬೀಸತೊಡಗಿದರೆ ಸಾಕು, ಗೋವೆಯ ಮುರ್ಮುಗಾಂವ್ ಬಂದರಿನ ಸುತ್ತಮುತ್ತ ಒಂದು ಪ್ರಶ್ನೆ ತಲೆಯೆತ್ತುತ್ತದೆ: "ಈ ಸಾರಿ ಅವರೂ ಇವರೂ ಕೂಡಿ ನಿಲ್ಲುತ್ತಾರೆಯೇ, ಅಥವಾ ಬೇರೆ ಬೇರೆಯಾಗಿಯೇ?" 2022ರಲ್ಲಿ ಆಯ್ಕೆಯಾದ ಗೋವಾ ವಿಧಾನಸಭೆಯ ಐದು ವರ್ಷದ ಅವಧಿ 2027ರ ಮಾರ್ಚಿಗೆ ತುಂಬುವುದರಿಂದ ಈ ಪ್ರಶ್ನೆ ಮತ್ತೆ ಬಂದಿದೆ.

ತೋಟದ ಲೈನ್ ಮನೆಗಳಲ್ಲಿರುವ ನಮಗೆ ಆ ಬಂದರಿನ ರಾಜಕೀಯವೇಕೆ ಎಂದು ಕೆಲವರು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ವಾಸ್ಕೋ, ಬೈನಾ, ಸಡಾ, ಝುವಾರಿನಗರಗಳಲ್ಲಿ ಕೂಲಿ ಮಾಡಿ ಬದುಕುವವರಲ್ಲಿ ನಮ್ಮ ರಾಜ್ಯದ ಸಾವಿರಾರು ಮಂದಿ ಇದ್ದಾರೆ. ಅವರ ಸುಖದುಃಖ ನಮ್ಮದೂ ಹೌದು. ಎರಡನೆಯದಾಗಿ, ನಮ್ಮ ಊರುಗಳಲ್ಲಿ ನಿಧಾನವಾಗಿ ನಡೆಯುವ ಆಟವೇ ಅಲ್ಲಿ ಚಿಕ್ಕ ಅಂಗಳದಲ್ಲಿ ಎಲ್ಲರ ಕಣ್ಣೆದುರಿಗೆ ನಡೆಯುತ್ತದೆ. ಅದನ್ನು ನೋಡಿ ಕಲಿತರೆ ನಮ್ಮ ಮನೆಬಾಗಿಲಿಗೆ ಬರುವ ಕೂಟಗಳನ್ನೂ ಅಳೆಯಲು ಬರುತ್ತದೆ.

ಒಂದೇ ಎಸ್ಟೇಟಿನಲ್ಲಿ ಎರಡು ಯೂನಿಯನ್‌ಗಳಿದ್ದರೆ ಬೋನಸ್ ಮಾತುಕತೆಗೆ ಅವೆರಡೂ ಒಟ್ಟಾಗಿ ಹೋಗುವವೋ ಇಲ್ಲವೋ ಎಂದು ಹೇಳಲು ನಮ್ಮ ಹಿರಿಯರಿಗೆ ಜ್ಯೋತಿಷ್ಯ ಬೇಕಾಗುವುದಿಲ್ಲ. ಯಾರ ಚಂದಾ ಹೆಚ್ಚು, ಯಾರದು ಕಡಿಮೆ. ಕೂಡಿದರೆ ಹೆಸರು ಯಾರಿಗೆ ಬರುತ್ತದೆ. ಬೇರೆಯಾಗಿ ಹೋದರೆ ಮಾಲೀಕರು ಯಾರನ್ನು ಮೊದಲು ಒಳಗೆ ಕರೆಯುತ್ತಾರೆ, ಇಷ್ಟು ನೋಡಿದರೆ ಉತ್ತರ ತಾನಾಗಿ ತಿಳಿಯುತ್ತದೆ. ಪಕ್ಷಗಳ ವಿಷಯವೂ ಹಾಗೆಯೇ. ಅವರ ಭಾಷಣವನ್ನು ಬಿಟ್ಟು ಅವರ ಲಾಭನಷ್ಟವನ್ನು ನೋಡಬೇಕು.

ಮೊದಲು ಗೋವೆಯ ಅಳತೆಯನ್ನು ತಿಳಿಯೋಣ. ಅಲ್ಲಿ 40 ವಿಧಾನಸಭಾ ಕ್ಷೇತ್ರಗಳಿವೆ. ನಮ್ಮಲ್ಲಿ ಒಂದು ಕ್ಷೇತ್ರವೆಂದರೆ ಸರಾಸರಿ ಎರಡು ಲಕ್ಷಕ್ಕೂ ಮಿಕ್ಕ ಮತದಾರರು. ಅಲ್ಲಿ ಮೂವತ್ತು ಸಾವಿರದೊಳಗೇ ಮುಗಿಯುತ್ತದೆ. ಮುರ್ಮುಗಾಂವ್ ತಾಲೂಕಿನಲ್ಲಿ ಮುರ್ಮುಗಾಂವ್, ವಾಸ್ಕೋ, ದಾಬೋಳಿ, ಕೊರ್ಟಾಲಿಂ ಎಂಬ ನಾಲ್ಕು ಕ್ಷೇತ್ರಗಳಿವೆ. 2017ರಲ್ಲಿ ಮುರ್ಮುಗಾಂವ್ ಕ್ಷೇತ್ರದಲ್ಲಿ ಭಾರತೀಯ ಜನತಾ ಪಕ್ಷದ ಮಿಲಿಂದ ನಾಯ್ಕರು ಕಾಂಗ್ರೆಸ್ಸಿನ ಸಂಕಲ್ಪ ಆಮೋಣ್ಕರರನ್ನು ಸೋಲಿಸಿದ್ದು ಕೇವಲ 140 ಮತಗಳಿಂದ. ಒಂದು ದೊಡ್ಡ ತೋಟದ ಹಾಜರಿ ಪುಸ್ತಕದಲ್ಲಿರುವಷ್ಟು ಹೆಸರು! ಇಷ್ಟು ಸಣ್ಣ ಅಂತರದಲ್ಲಿ ಮೂರನೆಯ ಅಭ್ಯರ್ಥಿ ನಿಲ್ಲುವುದೂ ನಿಲ್ಲದಿರುವುದೂ ಸೋಲುಗೆಲುವನ್ನು ನಿರ್ಣಯಿಸುತ್ತದೆ.

2022ರಲ್ಲಿ ಭಾರತೀಯ ಜನತಾ ಪಕ್ಷಕ್ಕೆ ಬಂದದ್ದು ನೂರಕ್ಕೆ 33ರಷ್ಟು ಮತ. ಸ್ಥಾನಗಳು ಮಾತ್ರ 20, ಅಂದರೆ ಸರಿಯಾಗಿ ಅರ್ಧ. ಕಾಂಗ್ರೆಸ್ಸಿಗೆ 11, ಆಮ್ ಆದ್ಮಿ ಪಕ್ಷಕ್ಕೆ 2, ಮಹಾರಾಷ್ಟ್ರವಾದಿ ಗೋಮಂತಕ ಪಕ್ಷಕ್ಕೆ 2, ಗೋವಾ ಫಾರ್ವರ್ಡಿಗೆ 1, ರೆವಲ್ಯೂಷನರಿ ಗೋವನ್ಸ್ ಪಕ್ಷಕ್ಕೆ 1, ಪಕ್ಷೇತರರಿಗೆ 3. ಈ ಲೆಕ್ಕವನ್ನು ನೋಡಿದ ಯಾರಿಗಾದರೂ "ಉಳಿದವರೆಲ್ಲ ಕೂಡಿದ್ದರೆ!" ಎಂದೆನಿಸುವುದು ಸಹಜ. ಹಾಗಾದರೆ ಅವರೇಕೆ ಕೂಡಲಿಲ್ಲ? ಮುಂದೆಯಾದರೂ ಕೂಡುವರೋ? ಇದನ್ನು ತಿಳಿಯಲು ಮೂರು ಗುರುತುಗಳನ್ನು ನೋಡಬೇಕು.

ಮೊದಲನೆಯ ಗುರುತು, ಅದು ಯಾವ ಚುನಾವಣೆ ಎಂಬುದು. ಲೋಕಸಭೆಗೆ ಕೂಡುವವರು ವಿಧಾನಸಭೆಗೆ ಕೂಡುವರೆಂದು ನಂಬಲಾಗದು. 2024ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಗೋವೆಯಲ್ಲಿ ಆಮ್ ಆದ್ಮಿ ಪಕ್ಷವು ತನ್ನ ಶಾಸಕ ವೆಂಝಿ ವಿಯೆಗಸ್ ಅವರನ್ನು ಮೊದಲು ಅಭ್ಯರ್ಥಿಯೆಂದು ಸಾರಿ, ಮಾತುಕತೆಯಾದ ಮೇಲೆ ಹಿಂದೆ ಸರಿಸಿ, ಕಾಂಗ್ರೆಸ್ಸಿಗೆ ದಾರಿ ಬಿಟ್ಟಿತು. ಕಾಂಗ್ರೆಸ್ಸಿನ ವಿರಿಯಾತೊ ಫೆರ್ನಾಂಡಿಸರು 13,535 ಮತಗಳಿಂದ ಗೆದ್ದರು. ಮುರ್ಮುಗಾಂವ್ ಬಂದರು ಇರುವುದು ಆ ಕ್ಷೇತ್ರದಲ್ಲಿಯೇ. ಆದರೆ ಅದೇ ವರ್ಷ ಅದೇ ಎರಡು ಪಕ್ಷಗಳು ಪಂಜಾಬಿನಲ್ಲಿ ಒಂದರ ಮೇಲೊಂದು ಬಿದ್ದು ಕಾದಾಡಿದವು. ದೆಹಲಿಯಲ್ಲಿ ಲೋಕಸಭೆಗೆ ಕೂಡಿದವರು 2025ರ ಫೆಬ್ರವರಿಯಲ್ಲಿ ವಿಧಾನಸಭೆಗೆ ಬೇರೆಯಾಗಿ ನಿಂತರು. ನಮ್ಮ ಪಕ್ಕದ ವಯನಾಡಿನ ತೋಟದ ಜನರು ಇನ್ನೂ ವಿಚಿತ್ರವನ್ನು ಕಂಡರು: 2024ರಲ್ಲಿ ಅಲ್ಲಿ ರಾಹುಲ್ ಗಾಂಧಿಯವರ ಎದುರು ನಿಂತವರಲ್ಲಿ ಒಬ್ಬರು ಕಮ್ಯೂನಿಸ್ಟ್ ಪಕ್ಷದ ಆನಿ ರಾಜಾ. ದೆಹಲಿಯ ಕೂಟದಲ್ಲಿ ಎರಡು ಪಕ್ಷಗಳೂ ಜೊತೆಗಾರರೇ!

ಇದಕ್ಕೆ ಕಾರಣ ಕಠಿಣವಲ್ಲ. ಲೋಕಸಭೆಗೆ ಗೋವೆಯಲ್ಲಿ ಇರುವುದು ಎರಡೇ ಸ್ಥಾನ. ಬಿಟ್ಟುಕೊಟ್ಟರೆ ನಷ್ಟ ಅಲ್ಪ. ವಿಧಾನಸಭೆಗೆ ಬಂದಾಗ 40 ಕ್ಷೇತ್ರಗಳಲ್ಲಿ ಐದು ವರ್ಷ ಬೆವರು ಸುರಿಸಿದ 40 ಮಂದಿಗೆ "ನೀನು ಕುಳಿತುಕೋ" ಎಂದು ಹೇಳಬೇಕಾಗುತ್ತದೆ. ಕುಳಿತುಕೊಳ್ಳದವನು ಪಕ್ಷೇತರನಾಗಿ ನಿಲ್ಲುತ್ತಾನೆ.

ಎರಡನೆಯ ಗುರುತು, ಸಣ್ಣ ಪಕ್ಷದ ಭಯ. ಇದಕ್ಕೆ ಗೋಮಂತಕ ಪಕ್ಷದ ಕಥೆಯನ್ನು ಓದಿದರೆ ಸಾಕು. ಗೋವೆಯ ಮೊದಲ ಚುನಾವಣೆಯಾದ 1963ರಲ್ಲಿಯೇ ಸರಕಾರ ರಚಿಸಿದ ಹಳೆಯ ಪಕ್ಷವದು. 1994ರಲ್ಲಿ ಅದು ಭಾರತೀಯ ಜನತಾ ಪಕ್ಷದೊಂದಿಗೆ ಕೂಡಿ ನಿಂತಿತು. ಆಗ ಅದಕ್ಕೆ 12 ಸ್ಥಾನ, ಜೊತೆಗಾರನಿಗೆ 4. ಎಂಟು ವರ್ಷ ಕಳೆಯಿತು. 2002ರಲ್ಲಿ ಜೊತೆಗಾರನಿಗೆ 17 ಸ್ಥಾನ, ಗೋಮಂತಕ ಪಕ್ಷಕ್ಕೆ 2. ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟವನೇ ಹಿತ್ತಲಿಗೆ ಬಂದಂತಾಯಿತು. ಆದುದರಿಂದ ಸಣ್ಣ ಪಕ್ಷಗಳು ದೊಡ್ಡದರ ಕೈ ಹಿಡಿಯಲು ಅಂಜುವುದರಲ್ಲಿ ಅರ್ಥವಿದೆ. ಅದನ್ನು ಬರಿಯ ಅಹಂಕಾರವೆಂದು ತಳ್ಳಿಬಿಡಬಾರದು.

ಮೂರನೆಯ ಗುರುತೇ ಮುಖ್ಯವಾದದ್ದು. ಮತದಾನಕ್ಕೆ ಮುಂಚೆ ಕೂಡಿದರೆ ಎಷ್ಟು ಬೆಲೆ, ಎಣಿಕೆಯಾದ ಮೇಲೆ ಕೂಡಿದರೆ ಎಷ್ಟು ಬೆಲೆ ಎಂಬುದನ್ನು ಪ್ರತಿಯೊಂದು ಸಣ್ಣ ಪಕ್ಷವೂ ತೂಗಿ ನೋಡುತ್ತದೆ. 2017ರಲ್ಲಿ ಕಾಂಗ್ರೆಸ್ಸಿಗೆ 17, ಭಾರತೀಯ ಜನತಾ ಪಕ್ಷಕ್ಕೆ 13 ಸ್ಥಾನಗಳು ಬಂದವು, ಬೇಕಾದದ್ದು 21. ವಿಜಯ್ ಸರ್ದೇಸಾಯಿಯವರ ಗೋವಾ ಫಾರ್ವರ್ಡ್ ಪಕ್ಷವು ಕಾಂಗ್ರೆಸ್ಸಿನೊಡನೆ ಚುನಾವಣೆಗೆ ಮುಂಚೆ ಕೂಡಬೇಕೆಂದು ನಡೆದ ಮಾತುಕತೆ ಮುರಿದುಬಿದ್ದಿತ್ತು. ಭಾರತೀಯ ಜನತಾ ಪಕ್ಷವನ್ನು ವಿರೋಧಿಸಿ ಮತ ಕೇಳಿ 3 ಸ್ಥಾನ ಗೆದ್ದ ಆ ಪಕ್ಷ, ಫಲಿತಾಂಶದ ಮರುಕ್ಷಣವೇ ಮನೋಹರ ಪರ್ರೀಕರರ ಸರಕಾರಕ್ಕೆ ಬೆಂಬಲ ಕೊಟ್ಟಿತು. ಚುನಾವಣೆಗೆ ಮುಂಚೆ ಭಾರತೀಯ ಜನತಾ ಪಕ್ಷದಿಂದ ಮುರಿದುಕೊಂಡು ಹೋಗಿದ್ದ ಗೋಮಂತಕ ಪಕ್ಷವೂ ತನ್ನ 3 ಶಾಸಕರೊಡನೆ ಹಿಂದಿರುಗಿತು. ಮೂರು ಸ್ಥಾನವಿದ್ದವರಿಗೆ ಮಂತ್ರಿ ಪದವಿಗಳು ದೊರೆತವು. ಚುನಾವಣೆಗೆ ಮುಂಚೆ ಇಷ್ಟು ಬೆಲೆಯನ್ನು ಯಾರು ಕೊಡುತ್ತಿದ್ದರು?

ಆದರೆ ಹೀಗೆ ಪಡೆದ ಬೆಲೆ ಉಳಿಯುವುದೂ ಇಲ್ಲ. 2019ರ ಮಾರ್ಚಿನಲ್ಲಿ ಗೋಮಂತಕ ಪಕ್ಷದ ಮೂವರಲ್ಲಿ ಇಬ್ಬರು ಭಾರತೀಯ ಜನತಾ ಪಕ್ಷವನ್ನು ಸೇರಿದರು. ಅದೇ ಜುಲೈಯಲ್ಲಿ ಕಾಂಗ್ರೆಸ್ಸಿನ ಹತ್ತು ಮಂದಿ ಸೇರಿದರು. ಆ ಕೂಡಲೇ ಗೋವಾ ಫಾರ್ವರ್ಡಿನ ಮಂತ್ರಿಗಳನ್ನು ಹೊರಗೆ ಕಳುಹಿಸಲಾಯಿತು. ಅಗತ್ಯ ತೀರಿದ ಮೇಲೆ ಕೈಯಾಳಿಗೆ ಲೆಕ್ಕ ಚುಕ್ತಾ ಮಾಡುವುದನ್ನು ನಾವು ಬಲ್ಲೆವಷ್ಟೆ. 2022ರಲ್ಲಿ ಗೋವಾ ಫಾರ್ವರ್ಡ್ ಮುಂಚೆಯೇ ಕಾಂಗ್ರೆಸ್ಸಿನ ಕೈಹಿಡಿದದ್ದು ಈ ಪೆಟ್ಟು ತಿಂದ ಬಳಿಕ. ಗೋಮಂತಕ ಪಕ್ಷವಾದರೋ ಆ ವರ್ಷ ತೃಣಮೂಲ ಕಾಂಗ್ರೆಸ್ಸಿನೊಡನೆ ಕೂಡಿ ಮತ ಕೇಳಿ, ಎಣಿಕೆ ಮುಗಿದ ದಿನವೇ ಭಾರತೀಯ ಜನತಾ ಪಕ್ಷಕ್ಕೆ ಬೆಂಬಲ ಸಾರಿತು.

ಇನ್ನು, ಕೂಡಿದರೆ ಮತಗಳೂ ಕೂಡುವವೇ? ಕಾಫಿ ಹಣ್ಣಿನ ಎರಡು ಮೂಟೆಗಳನ್ನು ಒಂದೇ ಕಣಕ್ಕೆ ಸುರಿದಂತೆ ಮತಗಳನ್ನು ಸುರಿಯಲಾಗದು ಎಂಬುದಕ್ಕೆ ನಮ್ಮ ಜಿಲ್ಲೆಗಳೇ ಸಾಕ್ಷಿ. 1977ರಲ್ಲಿ ನಾಲ್ಕು ಪಕ್ಷಗಳು ಕೂಡಿ ಜನತಾ ಪಕ್ಷವಾಗಿ ದೇಶವನ್ನು ಗೆದ್ದವು. ಆದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರಿಗೆದುರಾಗಿ ಆ ಪಕ್ಷ ವೀರೇಂದ್ರ ಪಾಟೀಲರನ್ನು ನಿಲ್ಲಿಸಿತು. ಇಂದಿರಾ ಗಾಂಧಿಯವರು ಎಪ್ಪತ್ತು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. 1980ರಲ್ಲಿ ವೀರೇಂದ್ರ ಪಾಟೀಲರು ಅದೇ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಮಂತ್ರಿಯಾದರು! ಅಂದು ಎರಡು ಕಡೆಯ ಬಾವುಟ ಹಿಡಿದು ತಮ್ಮತಮ್ಮಲ್ಲೇ ಮುನಿಸಿಕೊಂಡಿದ್ದ ಕೂಲಿಯವರು ಇದರಿಂದ ಏನು ಕಲಿತಿರಬೇಕು?

2019ರಲ್ಲಿ ಕಾಂಗ್ರೆಸ್ಸೂ ಜನತಾ ದಳವೂ ನಮ್ಮ ರಾಜ್ಯದಲ್ಲಿ ಕೂಡಿ ಲೋಕಸಭೆಗೆ ನಿಂತವು. ಉಡುಪಿ-ಚಿಕ್ಕಮಗಳೂರು ಕ್ಷೇತ್ರ ದಳದ ಪಾಲಿಗೆ ಬಂತು. ನಿಂತವರು ಮಾತ್ರ ಕಾಂಗ್ರೆಸ್ಸಿನ ಪ್ರಮೋದ್ ಮಧ್ವರಾಜರು, ದಳದ ಚಿಹ್ನೆಯಲ್ಲಿ. ಶೋಭಾ ಕರಂದ್ಲಾಜೆಯವರು ಮೂರು ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆದ್ದರು. ತುಮಕೂರಿನಲ್ಲಿ ದೇವೇಗೌಡರೇ 13,339 ಮತಗಳಿಂದ ಸೋತರು. ಇಡೀ ರಾಜ್ಯದಲ್ಲಿ ಕೂಟಕ್ಕೆ ದಕ್ಕಿದ್ದು ಎರಡು ಸ್ಥಾನ, ಎದುರಾಳಿಗೆ 25. ನಾಯಕರು ಬೆಂಗಳೂರಿನಲ್ಲಿ ಕೈಕುಲುಕಿದರೂ ಹಳ್ಳಿಯಲ್ಲಿ ಮೂವತ್ತು ವರ್ಷ ಒಬ್ಬರ ಮುಖವನ್ನೊಬ್ಬರು ನೋಡದವರು ಒಂದೇ ತಿಂಗಳಲ್ಲಿ ಕೂಡಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅದೇ ದಳವು ಭಾರತೀಯ ಜನತಾ ಪಕ್ಷದ ಕೂಟವನ್ನು ಸೇರಿತು. 2024ರಲ್ಲಿ ಆ ಜೋಡಿಗೆ 19 ಸ್ಥಾನ ಬಂದವು, ಕಾಂಗ್ರೆಸ್ಸಿಗೆ 9. ಇಂದಿನ ವೈರಿ ನಾಳೆಯ ನೆಂಟನೆಂದು ಇಟ್ಟುಕೊಂಡರೆ ಎಣಿಕೆ ತಪ್ಪುವುದಿಲ್ಲ.

ಹಾಗಾದರೆ 2027ಕ್ಕೆ ನಮ್ಮ ಅಂದಾಜೇನು? ಮೇಲಿನ ಗುರುತುಗಳಿಂದ ಹೇಳುವುದಾದರೆ, ಎಲ್ಲ ವಿರೋಧ ಪಕ್ಷಗಳೂ ಒಂದೇ ಚಪ್ಪರದಡಿ ಬರುವ ಸಂಭವ ಕಡಿಮೆ. ಒಮ್ಮೆ ಹೊರಗೆ ನಿಂತು ಪೆಟ್ಟು ತಿಂದ ಗೋವಾ ಫಾರ್ವರ್ಡ್ ಕಾಂಗ್ರೆಸ್ಸಿನ ಜೊತೆಗೆ ನಿಲ್ಲುವ ಸಂಭವ ಹೆಚ್ಚು. ಆಮ್ ಆದ್ಮಿ ಪಕ್ಷವು ತಾನು ಇಂಡಿಯಾ ಕೂಟದಲ್ಲಿಲ್ಲವೆಂದು 2025ರಲ್ಲಿ ಸಾರಿದೆ. ತನ್ನ ಹೆಸರನ್ನು ಊರೂರಿಗೆ ಮುಟ್ಟಿಸಬೇಕೆಂದಿರುವ ಪಕ್ಷ ಅರ್ಧ ಕ್ಷೇತ್ರಗಳನ್ನು ಬಿಟ್ಟುಕೊಡುವುದು ಕಷ್ಟ. ರೆವಲ್ಯೂಷನರಿ ಗೋವನ್ಸರೂ ಹಾಗೆಯೇ. ಗೋಮಂತಕ ಪಕ್ಷವು ಅಧಿಕಾರದ ಹತ್ತಿರವೇ ಉಳಿಯಲು ನೋಡುತ್ತದೆ. ಸಭೆಯ ವೇದಿಕೆಯಲ್ಲಿ ಕೈಕೈ ಹಿಡಿದು ಎತ್ತಿದ್ದನ್ನು ನೋಡಿ ಯಾರೂ ನಿರ್ಣಯಿಸಬೇಡಿರಿ. ಬಿ ಫಾರಂ ಯಾರು ಯಾರಿಗೆ ಸಿಕ್ಕಿತು, ನಾಮಪತ್ರ ಹಿಂದೆಗೆಯುವ ಕಡೆಯ ದಿನ ಯಾರು ಹಿಂದೆಗೆದರು, ಇದನ್ನು ನೋಡಿರಿ. "ಸ್ನೇಹದ ಸ್ಪರ್ಧೆ" ಎಂಬ ಮಾತು ಕಿವಿಗೆ ಬಿದ್ದರೆ ಕೂಟ ಮುರಿಯಿತೆಂದೇ ತಿಳಿಯಿರಿ.

ಆದರೆ ವಾಚಕರೇ, ಕೂಡುವರೋ ಇಲ್ಲವೋ ಎಂಬುದು ಕೆಲಸಗಾರನ ಪ್ರಶ್ನೆಯಲ್ಲಿ ಅರ್ಧ ಮಾತ್ರ. ಯಾವಾಗ ಕೂಡುವರು, ಯಾವ ಕರಾರಿನ ಮೇಲೆ ಕೂಡುವರು ಎಂಬುದೇ ಉಳಿದರ್ಧ. ಮತದಾನಕ್ಕೆ ಮುಂಚೆ ಆದ ಕೂಟವು ನಮ್ಮ ಕಣ್ಣೆದುರಿಗಿದೆ. ಮೆಚ್ಚಿದರೆ ಮತ ಕೊಡಬಹುದು, ಮೆಚ್ಚದಿದ್ದರೆ ಕೊಡದಿರಬಹುದು. ಎಣಿಕೆಯಾದ ಮೇಲೆ ಆಗುವ ಕೂಟಕ್ಕೆ ನಮ್ಮ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ.

ಕೂಟವಷ್ಟೇ ಅಲ್ಲ, ಗೆದ್ದವರ ಮಾತಿಗೂ ಇದು ಸಲ್ಲುತ್ತದೆ. 2022ರ ಜನವರಿಯಲ್ಲಿ ಗೋವೆಯ ಕಾಂಗ್ರೆಸ್ ಅಭ್ಯರ್ಥಿಗಳನ್ನು ಪಣಜಿಯ ಮಹಾಲಕ್ಷ್ಮೀ ದೇವಸ್ಥಾನಕ್ಕೂ ಬಾಂಬೋಳಿಯ ಶಿಲುಬೆಯ ಬಳಿಗೂ ಬೆತಿಯ ದರ್ಗಾಕ್ಕೂ ಕರೆದೊಯ್ದು, ಗೆದ್ದ ಮೇಲೆ ಪಕ್ಷ ಬಿಡುವುದಿಲ್ಲವೆಂದು ಪ್ರಮಾಣ ಮಾಡಿಸಲಾಯಿತು. ಅದೇ ವರ್ಷ ಸೆಪ್ಟೆಂಬರ್ 14ರಂದು ಗೆದ್ದ 11 ಮಂದಿಯಲ್ಲಿ 8 ಮಂದಿ ಭಾರತೀಯ ಜನತಾ ಪಕ್ಷಕ್ಕೆ ಹೋದರು. ಮುರ್ಮುಗಾಂವ್ ಕ್ಷೇತ್ರದ ಶಾಸಕರೂ ಅವರಲ್ಲೊಬ್ಬರು. ಪಕ್ಷಾಂತರ ತಡೆಯುವ ಕಾನೂನು 1985ರಿಂದ ಇದೆ. ಆದರೆ ಮೂರರಲ್ಲಿ ಎರಡು ಪಾಲು ಶಾಸಕರು ಒಟ್ಟಾಗಿ ಹೋದರೆ ಅದು ವಿಲೀನವೆನಿಸಿ ಪದವಿ ಉಳಿಯುತ್ತದೆ. ಹದಿನೈದರಲ್ಲಿ ಹತ್ತು, ಹನ್ನೊಂದರಲ್ಲಿ ಎಂಟು. ಎರಡು ಸಾರಿಯೂ ಲೆಕ್ಕ ಸರಿಯಾಗಿ ಕೂಡಿದ್ದನ್ನು ಗಮನಿಸಿರಿ. ಆಣೆಯಿಡುವ ವಿಷಯದಲ್ಲಿ ಕರ್ತನು ಪರ್ವತ ಪ್ರಸಂಗದಲ್ಲಿ ಕಲಿಸಿದ್ದನ್ನು ಬಲ್ಲ ನಾವು ಶಿಲುಬೆಯ ಮುಂದಿನ ಆಣೆಯನ್ನು ಕಂಡು ಮರುಳಾಗಬಾರದು.

ಇನ್ನೊಂದು ಮಾತನ್ನು ನೋವಿನಿಂದಲೇ ಬರೆಯಬೇಕಾಗಿದೆ. ವೈರಿಗಳು ಕೂಡುವುದೆಲ್ಲ ಒಳ್ಳೆಯದಕ್ಕೇ ಅಲ್ಲ. ಹೆರೋದನೂ ಪಿಲಾತನೂ ಹಗೆ ಮರೆತು ಸ್ನೇಹಿತರಾದದ್ದು ಯಾವ ದಿನ, ಯಾರನ್ನು ಒಬ್ಬರಿಂದೊಬ್ಬರಿಗೆ ಕಳುಹಿಸಿದ ದಿನ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಕೂಟಗಳು ಕೆಲವೊಮ್ಮೆ ಧ್ವನಿಯಿಲ್ಲದವನ ಬೆನ್ನ ಮೇಲೆ ಕಟ್ಟಲ್ಪಡುತ್ತವೆ. ಗೋವೆಯಲ್ಲಿ ಧ್ವನಿಯಿಲ್ಲದವರು ಹೊರಗಿನಿಂದ ಬಂದ ಕೂಲಿಯವರೇ. 2004, 2015, 2017 ಹೀಗೆ ಮತ್ತೆ ಮತ್ತೆ ಬೈನಾ ಕಡಲಂಚಿನಲ್ಲಿ ಕನ್ನಡಿಗರ ಮನೆಗಳು ನೆಲಕ್ಕುರುಳಿದವು. ರೆವಲ್ಯೂಷನರಿ ಗೋವನ್ಸ್ ಪಕ್ಷವು 1961ರ ಡಿಸೆಂಬರಿಗೆ ಮುಂಚಿನ ಮೂಲವುಳ್ಳವರನ್ನೇ ಗೋವಾ ಮೂಲದವರೆಂದು ಗುರುತಿಸುವ ಮಸೂದೆಯನ್ನು ತನ್ನ ಮುಖ್ಯ ಬೇಡಿಕೆಯಾಗಿ ಇಟ್ಟಿದೆ. ಅಂಥ ಪಕ್ಷದೊಡನೆ ಯಾರಾದರೂ ಕೂಡುವುದಾದರೆ, ಬಂದರಿನ ಕನ್ನಡ ಕುಟುಂಬವು ಮೊದಲು ಕೇಳಬೇಕಾದದ್ದು ಇದು: "ಆ ಬೇಡಿಕೆ ನಿಮ್ಮ ಕರಾರಿನಲ್ಲಿ ಇದೆಯೋ, ಇಲ್ಲವೋ?"

ಹಾಗೆಂದು ಗೋವೆಯವರ ಭಯವನ್ನು ಹಗುರಾಗಿ ಕಾಣಬಾರದು. ಭೂಮಿ ಕೈತಪ್ಪಿ ಹೋಗುವುದನ್ನು ನೋಡುವವನ ಸಂಕಟ ನಿಜವಾದದ್ದೇ. ನಮ್ಮ ಕೊಡಗಿನ ತೋಟಗಳಿಗೆ ಅಸ್ಸಾಮಿನಿಂದ ಕೆಲಸಗಾರರು ಬಂದಾಗ ನಮ್ಮ ಬಾಯಲ್ಲಿ ಯಾವ ಮಾತು ಬರುತ್ತದೆಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಲಿ. ಭೂಮಿಯನ್ನು ನುಂಗುವವರು ಗುಡಿಸಲಿನವರಲ್ಲ ಎಂಬುದನ್ನು ಗೋವೆಯ ಕೆಲಸಗಾರನೂ ಕನ್ನಡದ ಕೆಲಸಗಾರನೂ ಕೂಡಿಯೇ ಕಂಡುಕೊಳ್ಳಬೇಕಾಗಿದೆ. ಪಕ್ಷಗಳ ಕೂಟಕ್ಕಿಂತ ಈ ಕೂಟ ದೊಡ್ಡದು.

ಆದುದರಿಂದ ಬಂದರಿನಲ್ಲಿ ನಿಮ್ಮ ಬಂಧುಗಳಿದ್ದರೆ ಅವರಿಗೆ ಇಷ್ಟು ತಿಳಿಸಿರಿ. ಮೊದಲು, ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳಲಿ. 2025ರ ಅಕ್ಟೋಬರಿನಲ್ಲಿ ಚುನಾವಣಾ ಆಯೋಗ ಸಾರಿದ ವಿಶೇಷ ತೀವ್ರ ಪರಿಷ್ಕರಣೆಗೆ ಗೋವೆಯೂ ಒಳಪಟ್ಟಿದೆ. ಬಿಟ್ಟುಹೋದವರು 6ನೇ ನಮೂನೆಯಲ್ಲಿ ಅರ್ಜಿ ಕೊಡಬೇಕು. ಊರಿನಲ್ಲೊಂದು, ಬಂದರಿನಲ್ಲೊಂದು ಎಂದು ಎರಡು ಕಡೆ ಹೆಸರಿಡುವುದು ಕಾನೂನಿಗೆ ವಿರುದ್ಧ. ನಿಜವಾಗಿ ವಾಸವಿರುವ ಒಂದು ಕಡೆ ಮಾತ್ರ ಇರಲಿ. ಎರಡನೆಯದಾಗಿ, ಕೂಟದ ಹೆಸರಿನಲ್ಲಿ ಮತ ಕೇಳಲು ಬಂದವರ ಮುಂದೆ ಮೂರು ಪ್ರಶ್ನೆಗಳನ್ನಿಡಲಿ. ನಿಮ್ಮ ಕರಾರು ಬರಹದಲ್ಲಿದೆಯೇ? ಅದರಲ್ಲಿ ಗುಡಿಸಲಿನವನ ಮನೆ, ನೀರು, ಗುತ್ತಿಗೆ ಕೆಲಸಗಾರನ ಭವಿಷ್ಯನಿಧಿ ಇವುಗಳ ಬಗ್ಗೆ ಏನಿದೆ? ಎಣಿಕೆಯಾದ ಮೇಲೂ ಇದೇ ಕೂಟದಲ್ಲಿರುವಿರಾ?

ಇದೇ ಪ್ರಶ್ನೆಗಳು ನಮ್ಮ ಲೈನ್ ಮನೆಗಳ ಅಂಗಳಕ್ಕೂ ಸಲ್ಲುತ್ತವೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ತೋಟದವರಿಗೆ ಆಧಾರವಾಗಿದ್ದ 1951ರ ಕಾಯಿದೆಯೂ ಅವುಗಳಲ್ಲಿ ಕರಗಿದೆ. ಮನೆ, ಆಸ್ಪತ್ರೆ, ಕೂಸುಮನೆಗಳ ವಿಷಯದಲ್ಲಿ ನಿಮ್ಮ ಕೂಟ ಏನು ಮಾಡುವುದೆಂದು ಕೇಳದೆ ಯಾವ ಜೋಡಿಗೂ ಹರಸಬೇಡಿರಿ. ಪಕ್ಷಗಳು ತಮ್ಮ ಲಾಭ ನೋಡಿ ಕೂಡುತ್ತವೆ, ತಮ್ಮ ಲಾಭ ನೋಡಿ ಅಗಲುತ್ತವೆ. ಅವುಗಳಿಗಾಗಿ ನೆರೆಮನೆಯವರು ಅಗಲುವುದು ಬೇಡ. ಒಂದೇ ನಲ್ಲಿಯಲ್ಲಿ ನೀರು ಹಿಡಿಯುವವರು ಚುನಾವಣೆಯ ಮರುದಿನವೂ ಒಂದೇ ನಲ್ಲಿಯಲ್ಲಿ ಹಿಡಿಯಬೇಕಷ್ಟೆ.